ಮಾವನವರ ಎಡ ಹೊಳ್ಳೆ

ಫೆಬ್ರವರಿ 3, ಸೋಮವಾರ

ಊಟದ ಹೊತ್ತಿನಲ್ಲಿ ಮೂಗಿನ ಮಾತು ಆಡಕೂಡದು ಎಂದು ಇವಳು ಕಟ್ಟಪ್ಪಣೆ ಮಾಡಿದ್ದಾಳೆ. ಸಿಂಬಳ ದಪ್ಪವಾದರೆ ಗಾಳಿಯ ದಾರಿ ಎಷ್ಟು ಕಿರಿದಾಗುತ್ತದೆ ಎಂದು ನಿನ್ನೆ ಚಮಚದಲ್ಲಿ ಮೊಸರು ಎತ್ತಿ ತೋರಿಸಿದ್ದೇ ತಪ್ಪಾಯಿತಂತೆ. ಮದುವೆಯಾಗಿ ಹತ್ತೊಂಬತ್ತು ವರ್ಷವಾದ ಗಂಡಸಿಗೆ ಮನಸ್ಸು ಬಿಚ್ಚಿ ಮಾತಾಡಲು ಉಳಿಯುವುದು ಎರಡೇ ಜಾಗ: ಒಂದು ಬಚ್ಚಲುಮನೆ, ಇನ್ನೊಂದು ದಿನಚರಿ. ಬಚ್ಚಲಲ್ಲಿ ಕಾಗದ ನೆನೆಯುತ್ತದೆ. ಹಾಗಾಗಿ ಈ ನೋಟ್‌ಬುಕ್ಕು.

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಹಳೇ ಕಡತಗಳ ಕೋಣೆಯ ಪಕ್ಕದಲ್ಲಿ ನನ್ನ ಕಂಪ್ಯೂಟರ್ ಇದೆ. ರೋಗಿಯ ತಲೆಯ ಸ್ಕ್ಯಾನ್ ತೆಗೆದುಕೊಂಡು, ಅದರಲ್ಲಿರುವ ಮೂಗು, ಸೈನಸ್ಸು, ಒಟ್ಟು ಗಾಳಿಯಾಡುವ ಪೊಳ್ಳನ್ನೆಲ್ಲ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುತ್ತೇನೆ. ಅದನ್ನು ನಲವತ್ತು ಲಕ್ಷ ಚೂರು ಮಾಡಿ, ಒಂದೊಂದು ಚೂರಿನಲ್ಲೂ ಉಸಿರು ಯಾವ ಕಡೆಗೆ, ಎಷ್ಟು ವೇಗವಾಗಿ ಹೋಗುತ್ತದೆ ಎಂದು ಲೆಕ್ಕ ಹಾಕಿಸುತ್ತೇನೆ. ಕೊನೆಗೆ ನೀಲಿ, ಹಸಿರು, ಕೆಂಪು ಬಣ್ಣದ ಒಂದು ಚಿತ್ರ ಬರುತ್ತದೆ. ಆರು ವರ್ಷದಲ್ಲಿ ನಲವತ್ತೊಂದು ಮೂಗು ಮುಗಿಸಿದ್ದೇನೆ. ಇಲ್ಲಿಯ ತನಕ ಒಬ್ಬ ಡಾಕ್ಟರೂ ನನ್ನ ಚಿತ್ರ ನಂಬಿ ಕತ್ತರಿ ಹಿಡಿದದ್ದಿಲ್ಲ. "ಚೆನ್ನಾಗಿದೆ" ಎನ್ನುತ್ತಾರೆ, ಮಕ್ಕಳು ಬರೆದ ಚಿತ್ರಕ್ಕೆ ಹೇಳುವ ಹಾಗೆ.

ಇವತ್ತು ಬಂದದ್ದು ನಲವತ್ತೆರಡನೇ ಮೂಗು. ಅದು ನನ್ನ ಮಾವನವರದು.

ಮಾವನವರು ಮೂವತ್ತೊಂದು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಹದಿನೈದು ದಿನಕ್ಕೆಂದು ಮಗಳ ಮನೆಗೆ ಬಂದವರು ಈಗ ಎಂಟನೇ ತಿಂಗಳಲ್ಲಿದ್ದಾರೆ. ನನ್ನ ಓದುವ ಕೋಣೆ ಅವರ ಕೋಣೆಯಾಗಿದೆ, ನನ್ನ ಮೇಜು ಬಟ್ಟೆ ಒಗೆಯುವ ಯಂತ್ರದ ಪಕ್ಕಕ್ಕೆ ಬಂದಿದೆ. ಮಲಗಿದರೆ ಮೂಗು ಕಟ್ಟುತ್ತದೆಂದು ಅವರು ಮೂರು ದಿಂಬು ಒರಗಿಕೊಂಡು ಕೂತೇ ನಿದ್ದೆ ಮಾಡುತ್ತಾರೆ. ಗೋಡೆಯಾಚೆಯಿಂದ ಸಿಳ್ಳೆ ಕೇಳುತ್ತಲೇ ಇರುತ್ತದೆ. ಮೂಗಿನ ಡಾಕ್ಟರಮ್ಮ ನೋಡಿ ಹೇಳಿದ್ದಿಷ್ಟು: ನಡುಗೋಡೆ ಹಾವಿನ ಹಾಗೆ ಎರಡು ಕಡೆಗೂ ಬಾಗಿದೆ, ಎರಡು ಹೊಳ್ಳೆಯೂ ಇಕ್ಕಟ್ಟು. ಆದರೆ ಹೃದಯಕ್ಕೆಂದು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ಎಪ್ಪತ್ತೊಂದರ ದೇಹ. ಹೆಚ್ಚು ಕೊಯ್ಯುವ ಹಾಗಿಲ್ಲ, ಎರಡನೇ ಸಲ ಕೊಯ್ಯುವ ಹಾಗಂತೂ ಇಲ್ಲ.

"ಒಂದೇ ಕಡೆ ಕೈ ಹಾಕ್ತೀನಿ. ಯಾವ ಕಡೆ ಮಾಡಿದ್ರೆ ಜಾಸ್ತಿ ಪ್ರಯೋಜನ ಅಂತ ನೀವು ಲೆಕ್ಕ ಹಾಕಿ ಹೇಳಿ," ಎಂದರು ಡಾಕ್ಟರಮ್ಮ.

ಆರು ವರ್ಷದಿಂದ ಕಾಯುತ್ತಿದ್ದ ಮಾತು. ಮೆಟ್ಟಿಲಲ್ಲಿ ಕಾಲು ನೆಲಕ್ಕೆ ತಾಗಲಿಲ್ಲ. ಕೊನೆಯ ಮೆಟ್ಟಿಲಲ್ಲಿ ಮಾತ್ರ ತಾಗಿತು, ಪಾದ ಉಳುಕಿದೆ.

ಫೆಬ್ರವರಿ 6, ಗುರುವಾರ

ಸ್ಕ್ಯಾನ್ ಎಂದರೆ ತಲೆಯನ್ನು ಬ್ರೆಡ್ಡಿನ ಹಾಗೆ ತೆಳ್ಳಗೆ ಹೋಳು ಮಾಡಿ ತೆಗೆದ ನಾನೂರು ಚಿತ್ರ. ಒಂದರ ಮೇಲೊಂದು ಜೋಡಿಸಿದರೆ ಮೂಗು. ಆಸ್ಪತ್ರೆಗೆ ಹೊಸ ಸ್ಕ್ಯಾನ್ ಯಂತ್ರ ಬಂದಿದೆ, ಅದರಿಂದ ಬಂದ ಮೊದಲ ಮೂಗು ಇದು. ಹಳೆಯದು ಹೋಳುಗಳನ್ನು ಗಲ್ಲದಿಂದ ಹಣೆಗೆ ಜೋಡಿಸುತ್ತಿತ್ತು, ಇದು ಹಣೆಯಿಂದ ಗಲ್ಲಕ್ಕೆ. ನನ್ನ ಕಂಪ್ಯೂಟರ್ ಹಳೇ ಕ್ರಮದಲ್ಲೇ ಜೋಡಿಸಿದ್ದರಿಂದ ಮಾವನವರ ಮೂಗು ತಲೆಕೆಳಗಾಗಿ ನಿಂತಿತು. ನನಗೇನು, ಹಿಡಿದು ತಿರುಗಿಸಿ ನೆಟ್ಟಗೆ ನಿಲ್ಲಿಸಿದೆ. ಎರಡು ನಿಮಿಷದ ಕೆಲಸ.

ಇನ್ನೊಂದು ಕಿರಿಕಿರಿ ಇತ್ತು. ಮೇಲಿನ ದವಡೆಯಲ್ಲಿ ಯಾವುದೋ ಹಲ್ಲಿಗೆ ಲೋಹದ ಟೋಪಿ ಹಾಕಿಸಿದ್ದಾರೆ. ಲೋಹವಿದ್ದಲ್ಲಿ ಸ್ಕ್ಯಾನಿನಲ್ಲಿ ನಕ್ಷತ್ರದ ಹಾಗೆ ಕಿರಣಗಳು ಚೆಲ್ಲಾಡಿ ಚಿತ್ರ ಕೆಡುತ್ತದೆ. ಮೂಗಿಗೆ ಹಲ್ಲಿನಿಂದ ಏನಾಗಬೇಕು? ಅಂಗುಳದಿಂದ ಕೆಳಗಿನದನ್ನೆಲ್ಲ ಕತ್ತರಿಸಿ ಬಿಸಾಕಿದೆ. ಈಗ ನೋಡಲು ಲಕ್ಷಣವಾಗಿದೆ.

ಫೆಬ್ರವರಿ 11, ಮಂಗಳವಾರ

ಕಂಪ್ಯೂಟರ್ ಮೂವತ್ತು ಗಂಟೆ ಗುಂಯ್‌ಗುಟ್ಟಿ ಉತ್ತರ ಕೊಟ್ಟಿತು. ಬಲಗಡೆ ಸರಿಮಾಡಿದರೆ ಉಸಿರಿಗೆ ಬೀಳುವ ತಡೆ ನೂರಕ್ಕೆ ನಲವತ್ತು ಭಾಗ ಇಳಿಯುತ್ತದೆ. ಎಡಗಡೆ ಸರಿಮಾಡಿದರೆ ಒಂಬತ್ತೇ ಭಾಗ. ಇದಕ್ಕಿಂತ ಸ್ಪಷ್ಟ ಉತ್ತರ ನನ್ನ ಜನ್ಮದಲ್ಲಿ ಬಂದಿಲ್ಲ. ವರದಿಯನ್ನು ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿದೆ. ಕೆಳಗೆ ಸಹಿ ಮಾಡುವಾಗ, ಒಂದು ದಿನ ಇದನ್ನು ಯಾರಾದರೂ ಗಾಜು ಹಾಕಿಸಿ ಗೋಡೆಗೆ ತೂಗುಹಾಕಬಹುದು ಎಂದುಕೊಂಡು, ಅಕ್ಷರಗಳನ್ನು ಸ್ವಲ್ಪ ಬಿಡಿಬಿಡಿಯಾಗಿಯೇ ಬರೆದೆ.

ಫೆಬ್ರವರಿ 14, ಶುಕ್ರವಾರ

ಸಂಜೆ ಮಾವನವರಿಗೆ ಅವರ ಮೂಗು ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಕೆಂಪಗಿರೋದು ಯಾವ ಕಡೆ?"

"ಬಲಗಡೆ, ಮಾವ. ಅಲ್ಲೇ ಉಸಿರು ತಡೆಯೋದು."

"ನನಗೆ ಕಟ್ಟೋದು ಎಡಗಡೆ ಅಲ್ವಾ?"

ಇಲ್ಲಿ ನಾನು ಉಪನ್ಯಾಸ ಶುರು ಮಾಡಿದೆ. ಹೊಳ್ಳೆಗಳು ಪಾಳಿಯ ಮೇಲೆ ಕೆಲಸ ಮಾಡುತ್ತವೆ, ಕೆಲವು ಗಂಟೆ ಒಂದು ತೆರೆದಿದ್ದರೆ ಇನ್ನೊಂದು ಊದಿಕೊಂಡು ಅರ್ಧ ಮುಚ್ಚಿರುತ್ತದೆ, ಅದು ಎಲ್ಲರಿಗೂ ಇರುವುದೇ ಎಂದೆ. "ನೀವು ಗಮನಿಸಿದಾಗೆಲ್ಲ ಎಡಗಡೆಯದಕ್ಕೆ ರಜೆ ಇರುತ್ತೆ, ಅಷ್ಟೇ."

"ಯಾವಾಗ್ಲೂ ಅದಕ್ಕೇ ರಜೆನಾ? ನಮ್ಮ ಡಿಪೋದಲ್ಲಾಗಿದ್ರೆ ಕೆಲಸದಿಂದ ತೆಗೀತಿದ್ರು."

ಇವಳು ಒಳಗಿನಿಂದ ಕಿಸಕ್ಕೆಂದಳು. ನನಗೆ ಕೋಪ ಮೂಗಿನ ತುದಿಗೇ ಬಂತು. ಉಸಿರಾಡುವುದು ನಮಗೆ ಗೊತ್ತಾಗುವುದು ಗಾಳಿಯ ಪ್ರಮಾಣದಿಂದಲ್ಲ, ಒಳಗೋಡೆಗೆ ತಾಗುವ ತಂಪಿನಿಂದ, ಆದ್ದರಿಂದ ರೋಗಿಯ ಅನಿಸಿಕೆಯನ್ನು ಪೂರ್ತಿ ನಂಬುವಂತಿಲ್ಲ ಎಂದೆಲ್ಲ ಹೇಳಿದೆ. ಹೇಳಿದ್ದು ನಿಜವೇ. ಆದರೆ ದನಿ ಸ್ವಲ್ಪ ಎತ್ತರವಾಯಿತು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಳಿಯಂದ್ರೇ?" ಎಂದರು ಮಾವನವರು.

"ಅಂಗೈ ಕಣ್ಣಿಗೆ ಕಾಣುತ್ತೆ ಮಾವ. ಮೂಗಿನ ಒಳಗೆ ನೀವು ಇಣುಕಿ ನೋಡಿದೀರಾ? ನಾನು ನೋಡಿದೀನಿ. ನಲವತ್ತು ಲಕ್ಷ ಕಡೆ ನೋಡಿದೀನಿ."

ಅವರು ಕನ್ನಡಕ ತೆಗೆದು ಮಡಚಿಟ್ಟರು. ವಾದದಲ್ಲಿ ಮಾವನವರನ್ನು ಗೆದ್ದದ್ದು ಎಂಟು ತಿಂಗಳಲ್ಲಿ ಇದೇ ಮೊದಲು ಎಂದು ಇಲ್ಲಿ ದಾಖಲಿಸುತ್ತಿದ್ದೇನೆ.

ಫೆಬ್ರವರಿ 20, ಗುರುವಾರ

ಡಾಕ್ಟರಮ್ಮ ವರದಿ ಒಪ್ಪಿದರು. ಬರುವ ಗುರುವಾರ, 27ಕ್ಕೆ ಶಸ್ತ್ರಚಿಕಿತ್ಸೆ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಸುವಾಗ ಅವರು ಮಾವನವರನ್ನೇ ಕೇಳಿದರು: "ನಿಮಗೆ ಯಾವ ಕಡೆ ಕಷ್ಟ ಹೇಳಿ."

ಮಾವನವರು ನನ್ನ ಮುಖ ನೋಡಿದರು. "ಬಲಗಡೆ ಅಂತೆ," ಎಂದರು.

ಬಲಗಡೆ ಎಂದರೆ ಸಾಕಾಗಿತ್ತು. ಆ 'ಅಂತೆ' ಯಾಕೆ ಬೇಕಿತ್ತೋ. ದಾರಿಯಲ್ಲಿ ಇವಳು, "ಅಪ್ಪ ಯಾರು ಏನು ಹೇಳಿದ್ರೂ ಅಷ್ಟು ಸುಲಭಕ್ಕೆ ಒಪ್ಪೋರಲ್ಲ ರೀ. ಈಗ ಅದೇನು ಹೇಳಿದ್ದಕ್ಕೆಲ್ಲ ಹೂಂ ಅಂತಾರೆ," ಎಂದಳು. ವಿಜ್ಞಾನದ ಎದುರು ಯಾರಾದರೂ ಒಪ್ಪಲೇಬೇಕು ಎಂದೆ. ಅವಳು ಕಿಟಕಿಯಾಚೆ ನೋಡುತ್ತ ಕೂತಳು.

ಯಾಕೋ ಊಟ ರುಚಿಸಲಿಲ್ಲ. ನೆಗಡಿ ಶುರುವಾಗಿರಬೇಕು.

ಫೆಬ್ರವರಿ 23, ಭಾನುವಾರ

ನೆಗಡಿಯೇ. ಎರಡೂ ಹೊಳ್ಳೆ ಭದ್ರವಾಗಿ ಮುಚ್ಚಿವೆ. ನಲವತ್ತೆರಡು ಮೂಗು ಬಲ್ಲವನಿಗೆ ತನ್ನದೊಂದನ್ನು ತೆರೆಯಲಾಗಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಪಾತ್ರೆ ತುಂಬ ಬಿಸಿನೀರು ಇಟ್ಟುಕೊಂಡು, ತಲೆಯ ಮೇಲೆ ಟವೆಲ್ ಹೊದ್ದು ಹಬೆ ತೆಗೆದುಕೊಂಡೆ. ಸಾಕೆನಿಸಿ ಎದ್ದೆ. ಕನ್ನಡಕದ ಮೇಲೆ ಹಬೆ, ಮುಖದ ಮೇಲೆ ಟವೆಲ್. ಬಾಗಿಲು ತೆರೆದಿದೆ ಎಂದುಕೊಂಡು ನೇರ ನಡೆದೆ. ಅದು ಅರ್ಧ ಮಾತ್ರ ತೆರೆದಿತ್ತು. ಬಾಗಿಲಂಚು ಸರಿಯಾಗಿ ಮೂಗಿನ ಮಧ್ಯಕ್ಕೇ ಬಡಿಯಿತು. ರಕ್ತವೂ ಬಂತು.

ಇವಳು ಓಡಿಬಂದು ನೋಡಿ, "ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರೆ ಅನ್ನೋದು ಕೇಳಿದ್ದೆ, ಇವತ್ತು ನೋಡ್ದೆ," ಎಂದು ಎರಡೂ ಹೊಳ್ಳೆಗೆ ಹತ್ತಿ ತುರುಕಿದಳು. ನಾನು ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತೆ. ಎದುರಿಗೆ ಮಾವನವರು. ಮೊದಲು ಗಂಭೀರವಾಗಿಯೇ ಇದ್ದರು.

"ಯಾವ ಕಡೆ ಕಟ್ಟಿದೆ ಅಳಿಯಂದ್ರೇ?" ಎಂದರು.

"ಎರಡೂ ಕಡೆ," ಎಂದೆ. ಹತ್ತಿಯಿಂದಾಗಿ ಆ ಮಾತು ಏನೇನೋ ಆಗಿ ಹೊರಬಂತು.

ಅವರು ನಕ್ಕರು. ತಲೆ ಹಿಂದಕ್ಕೆ ಹಾಕಿ, ಬಾಯಿ ಪೂರ್ತಿ ತೆರೆದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಈ ಮನೆಗೆ ಬಂದ ಮೇಲೆ ಅವರು ನನ್ನೆದುರು ಹಾಗೆ ನಕ್ಕದ್ದೇ ಇಲ್ಲ. ನನಗೂ ನಗು ಬಂತು. ನಗುವಾಗ ಅವರ ಮೇಲಿನ ದವಡೆಯಲ್ಲಿ ಒಂದು ಹಲ್ಲು ಹಳದಿಯಾಗಿ ಹೊಳೆಯಿತು. ಟೋಪಿ ಹಾಕಿಸಿದ ಹಲ್ಲು. ಅದು ಅವರ ಬಲಗಡೆಗಿದೆ.

ನನ್ನ ಕಂಪ್ಯೂಟರಿನಲ್ಲಿ ನಾನು ಕತ್ತರಿಸಿ ಬಿಸಾಕಿದ ನಕ್ಷತ್ರ ಎಡಗಡೆಗಿತ್ತು.

ತಪ್ಪು ನೆನಪಿರಬೇಕು. ನಾಳೆ ನೋಡುತ್ತೇನೆ.

ಫೆಬ್ರವರಿ 24, ಸೋಮವಾರ

ನೋಡಿದೆ. ಎಡಗಡೆಗೇ ಇದೆ.

ಬಲಗೈ ಗವಸನ್ನು ಒಳಮಗ್ಗುಲು ಹೊರಕ್ಕೆ ಮಾಡಿದರೆ ಅದು ಎಡಗೈಯದಾಗುತ್ತದೆ. ಆಮೇಲೆ ಅದನ್ನು ಮೇಲೆ ಕೆಳಗೆ ಹೇಗೆ ತಿರುಗಿಸಿದರೂ ಎಡಗೈಯದೇ. ಹೋಳುಗಳನ್ನು ಉಲ್ಟಾ ಜೋಡಿಸಿದಾಗಲೇ ಮೂಗು ಹಾಗಾಗಿತ್ತು. ನಾನು ಹೋಳುಗಳನ್ನು ಬಿಚ್ಚಿ ಸರಿಯಾದ ಕ್ರಮದಲ್ಲಿ ಮತ್ತೆ ಜೋಡಿಸಬೇಕಿತ್ತು. ಅದು ಬಿಟ್ಟು ಹಿಡಿದು ತಿರುಗಿಸಿದೆ. ಮೂಗು ನೆಟ್ಟಗೆ ನಿಂತಿತು, ಎಡ ಬಲವಾಯಿತು, ಬಲ ಎಡವಾಯಿತು. ಕಾಲೇಜಿನಲ್ಲಿ ಮೊದಲ ವರ್ಷ ಕಲಿಸುವ ಪಾಠ ಇದು. ತಪ್ಪು ತೋರಿಸಿಕೊಡಬಹುದಾಗಿದ್ದದ್ದು ಆ ಹಲ್ಲೊಂದೇ. ಅದನ್ನು ನಾನೇ ಕತ್ತರಿಸಿದ್ದೆ.

ಮೂಗಿನ ಮೇಲೆ ಬಾವು ಬಂದಿದೆ. ಕೇಳಿದವರಿಗೆಲ್ಲ ಬಾಗಿಲಿನ ಕಥೆ ಹೇಳಿದೆ. ಉಳಿದದ್ದು ಹೇಳಲಿಲ್ಲ.

ಫೆಬ್ರವರಿ 25, ಮಂಗಳವಾರ

ಬೆಳಿಗ್ಗೆಯಿಂದ ಡಾಕ್ಟರಮ್ಮನಿಗೆ ಮೂರು ಪತ್ರ ಬರೆದು ಅಳಿಸಿದೆ. ನಾಲ್ಕನೆಯದು ಚೆನ್ನಾಗಿ ಬಂತು: "ಇನ್ನಷ್ಟು ಸೂಕ್ಷ್ಮವಾದ ಲೆಕ್ಕಾಚಾರದ ನಂತರ, ಎಡಭಾಗದ ಕಡೆ ಗಮನ ಹರಿಸುವುದು ಸೂಕ್ತವೆಂದು ಕಂಡುಬಂದಿದೆ." ತಪ್ಪಾಯಿತು ಎಂಬ ಮಾತು ಎಲ್ಲೂ ಇಲ್ಲ. ಓದಿದವರಿಗೆ ನಾನು ಇನ್ನೂ ಹೆಚ್ಚು ಕಷ್ಟಪಟ್ಟೆ ಎನಿಸಬೇಕು, ಹಾಗಿದೆ. ಶಸ್ತ್ರಚಿಕಿತ್ಸೆ ಎಡಗಡೆಗೆ ಆಗುತ್ತದೆ, ಮಾವನವರು ಸರಿಹೋಗುತ್ತಾರೆ, ನನ್ನ ಆರು ವರ್ಷವೂ ಉಳಿಯುತ್ತದೆ. ಯಾರಿಗೂ ನಷ್ಟವಿಲ್ಲ. ನಿಜ ಹೇಳಿದರೆ ಡಾಕ್ಟರಮ್ಮ ಈ ಜನ್ಮದಲ್ಲಿ ನನ್ನ ಚಿತ್ರದ ಕಡೆ ತಿರುಗಿ ನೋಡುವುದಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಮಾವನವರು ವಾಕಿಂಗ್ ಹೋಗಿದ್ದರು. ಹಳೇ ವರದಿಯ ಪ್ರತಿಗಾಗಿ ನನ್ನ ಮೇಜಿನಲ್ಲೆಲ್ಲ ತಡಕಿದೆ. ಸಿಗಲಿಲ್ಲ, ಅವರ ಕೋಣೆಗೆ ಹೋದೆ. ವರದಿ ಅಲ್ಲಿತ್ತು, ಮಡಚಿ ಒಂದು ಸಣ್ಣ ಪುಸ್ತಕದೊಳಗೆ ಇಟ್ಟಿದ್ದರು. ಆ ಪುಸ್ತಕದ ಪಕ್ಕದಲ್ಲಿ ನಮ್ಮ ಅಡುಗೆಮನೆಯ ಸ್ಟೀಲ್ ಮುಚ್ಚಳ. ಮೂರು ವಾರದಿಂದ ಇವಳು ಹುಡುಕುತ್ತಿದ್ದ ಮುಚ್ಚಳ ಅದು.

ಬೇರೆಯವರ ಪುಸ್ತಕದಲ್ಲಿ ಮೂಗು ತೂರಿಸಬಾರದು. ತೂರಿಸಿದೆ.

ಬಸ್ಸಿನ ಟ್ರಿಪ್ ಶೀಟಿನ ಹಾಗೆ ಗೆರೆ ಹಾಕಿದ್ದಾರೆ. ತಾರೀಖು, ವೇಳೆ, ಎಡ, ಬಲ. ಮುಚ್ಚಳವನ್ನು ಮೂಗಿನ ಕೆಳಗೆ ಹಿಡಿದು ಉಸಿರು ಬಿಟ್ಟು, ಎರಡು ಕಡೆಯೂ ಹಬೆ ಎಷ್ಟು ದೊಡ್ಡದಾಗಿ ಕೂರುತ್ತದೆ ಎಂದು ಅಳೆದಿದ್ದಾರೆ. ಫೆಬ್ರವರಿ 4ರಿಂದ 14ರ ತನಕ, ಬೆಳಿಗ್ಗೆ ಒಂದು, ಸಂಜೆ ಒಂದು. ಇಪ್ಪತ್ತೆರಡು ಅಳತೆ. ಎಡಕ್ಕೆ "ಅಂಗಿ ಗುಂಡಿಯಷ್ಟು", "ಗುಂಡಿಯಷ್ಟು", "ಉಗುರಿನಷ್ಟು". ಬಲಕ್ಕೆ "ಮೂರು ಬೆರಳಗಲ", "ನಾಲ್ಕು ಬೆರಳಗಲ". ಒಂದು ಕಡೆ ಹೀಗೆ ಬರೆದಿದ್ದಾರೆ: "ಇವತ್ತು ಬಲವೂ ಕುಗ್ಗಿದೆ. ಆದರೂ ಎಡಕ್ಕಿಂತ ದೊಡ್ಡದು." ನಾನು ಉಪನ್ಯಾಸ ಕೊಟ್ಟ ಹೊಳ್ಳೆಗಳ ಪಾಳಿಯನ್ನು ಅವರು ಯಾರೂ ಹೇಳಿಕೊಡದೆ, ಮುಚ್ಚಳದಲ್ಲಿ ಕಂಡಿದ್ದರು.

ಕೊನೆಯ ಸಾಲು 14ರ ಸಂಜೆಯದು. "ಇವತ್ತೂ ಎಡವೇ ಚಿಕ್ಕದು. ಅಳಿಯಂದಿರು ಬಲ ಅನ್ನುತ್ತಾರೆ. ಅವರು ಓದಿದವರು. ನನ್ನ ಅಳತೆ ತಪ್ಪಿರಬೇಕು." ಆಮೇಲೆ ಪುಟಗಳು ಖಾಲಿ.

ಮಂಚದ ಮೇಲೆ ಕೂತುಬಿಟ್ಟೆ. ನನಗೆ ಬಹಳ ನಾಚಿಕೆಯಾಯಿತು. ತನ್ನ ಮೂಗು ತನಗೇ ಗೊತ್ತಿಲ್ಲ ಎಂದು ನಾನು ಒಬ್ಬ ಮನುಷ್ಯನನ್ನು ನಂಬಿಸಿದ್ದೆ.

ನಾಲ್ಕನೇ ಪತ್ರವನ್ನೂ ಅಳಿಸಿದೆ.

ಫೆಬ್ರವರಿ 26, ಬುಧವಾರ

ಬೆಳಿಗ್ಗೆ ಎಂಟಕ್ಕೇ ಡಾಕ್ಟರಮ್ಮನ ಬಾಗಿಲಲ್ಲಿ ನಿಂತಿದ್ದೆ. ಮಾವನವರ ಪುಸ್ತಕವನ್ನು ಕೇಳಿಯೇ ತಂದಿದ್ದೆ, ಯಾಕೆಂದು ಮಾತ್ರ ಹೇಳಿರಲಿಲ್ಲ. ಡಾಕ್ಟರಮ್ಮನಿಗೆ ಗವಸು, ಹೋಳು, ಹಲ್ಲು ಎಲ್ಲ ಹೇಳಿದೆ. ಅವರು ಪುಸ್ತಕದ ಪುಟ ತಿರುಗಿಸುತ್ತಲೇ ಕೇಳಿದರು. ಆಮೇಲೆ ನಾಳೆಯ ಪಟ್ಟಿಯಿಂದ ಮಾವನವರ ಹೆಸರು ತೆಗೆಸಿ, ಒಂದು ವಾರ ಮುಂದಕ್ಕೆ ಹಾಕಿದರು.

"ಈ ಪುಸ್ತಕ ಯಾರು ಬರೆದದ್ದು?"

"ಅವರೇ."

ಡಾಕ್ಟರಮ್ಮ ಕಪಾಟಿನಿಂದ ಗೆರೆ ಎಳೆದ ಒಂದು ಲೋಹದ ತಟ್ಟೆ ತೆಗೆದು ತೋರಿಸಿದರು. ಅದೇ ಕೆಲಸಕ್ಕೆ ಇರುವುದಂತೆ, ಬಹಳ ಹಿಂದಿನದು. ಈಗ ಯಾರೂ ಬಳಸುವುದಿಲ್ಲವಂತೆ. "ನಾನೂ ಬಳಸಲಿಲ್ಲ. ನಿಮ್ಮ ಚಿತ್ರ ಇತ್ತಲ್ಲ," ಎಂದರು. ನನ್ನನ್ನು ಬೈದಿದ್ದರೂ ಅಷ್ಟು ತಾಗುತ್ತಿರಲಿಲ್ಲ.

"ನಲವತ್ತೊಂದನ್ನೂ ಮತ್ತೆ ನೋಡಿ. ಸದ್ಯಕ್ಕೆ ನಿಮ್ಮ ಚಿತ್ರ ಯಾವ ರೋಗಿಯ ಫೈಲಿಗೂ ಬರೋದು ಬೇಡ."

ಆಗಲಿ ಎಂದೆ.

ಮನೆಯಲ್ಲಿ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಇವಳು ಪೂರ್ತಿ ಕೇಳಿ, "ಅಪ್ಪನ ಮೂಗು ರೀ ಅದು," ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳಿತು. ಮಾವನವರು ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದರು.

"ನಾನೊಂದ್ಸಲ ಇಡೀ ಬಸ್ಸನ್ನ ಬೇರೆ ಊರಿಗೆ ಕರ್ಕೊಂಡು ಹೋಗಿದ್ದೆ," ಎಂದರು.

"ಹೇಗೆ ಮಾವ?"

"ಬೋರ್ಡು ಬದಲಾಗಿತ್ತು. ನಾನು ಬೋರ್ಡು ನೋಡ್ಕೊಂಡು ಹೊರಟೆ. ಹಿಂದಿನ ಸೀಟಿಂದ ಒಬ್ಬಳು ಅಜ್ಜಿ, ಇದು ನಮ್ಮ ದಾರಿ ಅಲ್ಲ ಕಣಪ್ಪಾ ಅಂತ ಕೂಗ್ತಾನೇ ಇದ್ಲು. ಬಸ್ ಓಡಿಸೋನು ನಾನೋ ನೀನೋ ಅಂತ ಅವಳಿಗೇ ಗದರಿಸ್ದೆ. ಹನ್ನೆರಡು ಮೈಲಿ ಹೋಗಿದ್ವಿ."

"ಆಮೇಲೆ?"

"ತಿರುಗಿಸ್ಕೊಂಡು ಬಂದೆ. ಅಜ್ಜೀನ ಅವಳ ಮನೆ ಬಾಗಿಲ ತನಕ ಬಸ್ಸಲ್ಲೇ ಬಿಟ್ಟು ಬಂದೆ. ಅದು ರೂಟಲ್ಲಿ ಇರ್ಲಿಲ್ಲ."

ಅಷ್ಟು ಹೇಳಿ, ಟಿ.ವಿ. ಹಾಕಿ ಎಂದರು. ಹಾಕಿದೆ.

ಮಾರ್ಚ್ 6, ಗುರುವಾರ

ಎಡಗಡೆ. ಒಂದೂವರೆ ಗಂಟೆ. ರಕ್ತ ಹೆಚ್ಚು ಹೋಗಲಿಲ್ಲ. ಹೊರಗೆ ಬೆಂಚಿನ ಮೇಲೆ ಇವಳ ಪಕ್ಕ ಕೂತಿದ್ದೆ. ಒಳಗೆ ಕರೆದೊಯ್ಯುವ ಮೊದಲು ಡಾಕ್ಟರಮ್ಮ ಯಾವ ಕಡೆ ಎಂದು ಮತ್ತೆ ಕೇಳಿದ್ದರು. ಮಾವನವರು ನನ್ನ ಮುಖ ನೋಡಲಿಲ್ಲ. "ಎಡ," ಎಂದು ಬೆರಳಿಟ್ಟು ತೋರಿಸಿದರು.

ಮಾರ್ಚ್ 29, ಶನಿವಾರ

ನಲವತ್ತೊಂದು ಮೂಗನ್ನೂ ಮತ್ತೆ ಕಟ್ಟಿ ನೋಡಿ ಮುಗಿಸಿದೆ. ಅವೆಲ್ಲ ಹಳೇ ಯಂತ್ರದವು, ಸರಿಯಾಗಿಯೇ ಇವೆ. ಈ ಸಲ ಯಾರ ಹಲ್ಲನ್ನೂ ಕತ್ತರಿಸಲಿಲ್ಲ. ಚಿತ್ರಗಳು ಹಲ್ಲು ಕಿರಿದುಕೊಂಡು ಅಸಹ್ಯವಾಗಿ ಕಾಣುತ್ತವೆ. ಡಾಕ್ಟರಮ್ಮ ಪಟ್ಟಿ ನೋಡಿ ಫೈಲಿನಲ್ಲಿ ಇಟ್ಟುಕೊಂಡರು. ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಇವಳು ಊಟದ ಹೊತ್ತಿನ ಕಟ್ಟಪ್ಪಣೆ ಸಡಿಲಿಸಿದ್ದಾಳೆ, ಆದರೆ ಈಗ ನನಗೇ ಅಲ್ಲಿ ಅಷ್ಟು ಮಾತು ಬರುವುದಿಲ್ಲ. ಮಾವನವರು ಹೇಳುವ ಬಸ್ಸಿನ ಕಥೆಗಳೇ ಊಟ ಮುಗಿಯುವ ತನಕ ಸಾಲುತ್ತವೆ.

ಮಧ್ಯಾಹ್ನ ಬಟ್ಟೆ ಯಂತ್ರದ ಪಕ್ಕ ಕೂತು ಕೆಲಸ ಮಾಡುತ್ತಿದ್ದಾಗ ಮನೆ ಯಾಕೋ ವಿಪರೀತ ನಿಶ್ಶಬ್ದವಾಗಿದೆ ಎನಿಸಿತು. ಗೋಡೆಯಾಚೆಯ ಸಿಳ್ಳೆ ಇರಲಿಲ್ಲ. ಎಂಟು ತಿಂಗಳು ಅದನ್ನು ಶಪಿಸಿದವನು ಎದ್ದು ಹೋಗಿ ಇಣುಕಿದೆ. ಮಾವನವರು ಒಂದೇ ದಿಂಬಿಟ್ಟುಕೊಂಡು, ಕಾಲು ಚಾಚಿ, ಬಾಯಿ ಮುಚ್ಚಿಕೊಂಡು ಮಲಗಿದ್ದರು. ಎದೆ ಏಳುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ನನಗೆ ಭಯವಾಯಿತು. ಮೇಜಿನ ಮೇಲಿದ್ದ ಸ್ಟೀಲ್ ಮುಚ್ಚಳ ತೆಗೆದು ಮೆಲ್ಲಗೆ ಅವರ ಮೂಗಿನ ಹತ್ತಿರ ಹಿಡಿದೆ.

"ಬದುಕಿದೀನಿ ಅಳಿಯಂದ್ರೇ," ಎಂದರು, ಕಣ್ಣು ತೆರೆಯದೆ.

ನನ್ನ ಕೈಯಿಂದ ಮುಚ್ಚಳ ಜಾರಿ ಅವರ ಗಲ್ಲದ ಮೇಲೆ ಬಿತ್ತು. ಅವರು ಎದ್ದು ಕೂತು, ಮುಚ್ಚಳ ಒರೆಸಿ, ತಾವೇ ಹಿಡಿದುಕೊಂಡು ಉಸಿರು ಬಿಟ್ಟರು. ನಂತರ ಪುಸ್ತಕ ನನ್ನ ಕಡೆ ತಳ್ಳಿದರು.

"ಬರ್ಕೊಳ್ಳಿ. ಎಡ, ಮೂರು ಬೆರಳು. ಬಲ, ಮೂರೂವರೆ."

ಖಾಲಿ ಬಿಟ್ಟಿದ್ದ ಜಾಗದಲ್ಲಿ ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡೆ. ಅದರ ಮೇಲೆಯೇ 14ರ ಸಂಜೆಯ ಸಾಲು ಇತ್ತು.

"ಮಾವ, ಇದನ್ನ ಹೊಡೆದು ಹಾಕ್ಲಾ? ನಿಮ್ಮ ಅಳತೆ ತಪ್ಪಿರ್ಲಿಲ್ಲ."

ಅವರು ಕನ್ನಡಕ ಏರಿಸಿ ಆ ಸಾಲನ್ನು ಓದಿದರು.

"ಇರ್ಲಿ ಬಿಡಿ," ಎಂದರು. "ನಿಮ್ಮನ್ನ ಓದಿದವರು ಅಂತ ನಾನು ಬರೆದಿರೋದು ಅದೊಂದೇ ಕಡೆ."